ಕಾಡಿನ ಹೆಕ್ಟೇರ್ ಲೆಕ್ಕವೂ ಬಿಳಿತುರಾಯಿ ಇರುವೆಹಕ್ಕಿಯೂ

2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಂ ನಗರದಲ್ಲಿ ಹವಾಮಾನ ಶೃಂಗಸಭೆ ನಡೆದಾಗ ಆತಿಥೇಯ ದೇಶದ ಕೈಯಲ್ಲಿ ಹೇಳಿಕೊಳ್ಳಬಹುದಾದ ಎರಡು ಸಂಗತಿಗಳಿದ್ದವು. 2021ರಲ್ಲಿ ವರ್ಷಕ್ಕೆ 13,000 ಚದರ ಕಿಲೋಮೀಟರ್ ಮೀರಿದ್ದ ಅಮೆಜಾನ್ ಕಾಡಿನ ಕಡಿತವು, ಆ ದೇಶದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ‘ಇನ್ಪೆ’ಯ ಉಪಗ್ರಹ ಲೆಕ್ಕದ ಪ್ರಕಾರ, 2025ರಲ್ಲಿ 6,000ಕ್ಕಿಂತ ಕೆಳಗೆ ಇಳಿದಿತ್ತು. ಜೊತೆಗೆ, ಉಷ್ಣವಲಯದ ದೇಶಗಳು ತಮ್ಮಲ್ಲಿ ಉಳಿಸಿಕೊಂಡಿರುವ ಕಾಡಿಗೆ ಪ್ರತಿಯಾಗಿ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 4 ಡಾಲರ್ ಪಾವತಿಸುವ ಹೊಸ ಅಂತರರಾಷ್ಟ್ರೀಯ ನಿಧಿಯೊಂದಕ್ಕೆ ಅಲ್ಲಿ ಚಾಲನೆ ದೊರೆಯಿತು. ಎರಡೂ ಒಳ್ಳೆಯ ಸುದ್ದಿಗಳೇ. ಅದನ್ನು ಕಡೆಗಣಿಸಿ ಮಾತು ಮುಂದುವರಿಸುವುದು ನ್ಯಾಯವಲ್ಲ. ಆದರೆ ಎರಡರಲ್ಲೂ ಕಾಡನ್ನು ಅಳೆಯುವ ಕೋಲು ಒಂದೇ, ಅದು ವಿಸ್ತೀರ್ಣ. ಮೇಲಿನಿಂದ ನೋಡಿದಾಗ ಮರಗಳ ನೆತ್ತಿ ಎಷ್ಟು ಜಾಗವನ್ನು ಮುಚ್ಚಿದೆ ಎಂಬುದೇ ಮುಖ್ಯವಾಗುವ ಈ ಲೆಕ್ಕದಲ್ಲಿ ಏನು ತಪ್ಪಿಹೋಗುತ್ತದೆ ಎಂಬುದನ್ನು, ಅದೇ ಅಮೆಜಾನಿನ ನೆರಳಿನಲ್ಲಿ ಬದುಕುವ ಸುಮಾರು 20 ಗ್ರಾಂ ತೂಕದ ಒಂದು ಹಕ್ಕಿಯ ಮೂಲಕ ಬಹಳ ನಿಖರವಾಗಿ ತಿಳಿಯಬಹುದು.

ಪಿಥಿಸ್ ಆಲ್ಬಿಫ್ರಾನ್ಸ್ ಎಂಬ ವೈಜ್ಞಾನಿಕ ಹೆಸರಿನ ಈ ಹಕ್ಕಿಯನ್ನು ಇಲ್ಲಿ ಬಿಳಿತುರಾಯಿ ಇರುವೆಹಕ್ಕಿ ಎಂದು ಕರೆಯೋಣ. ಕಪ್ಪು ತಲೆ, ಬೂದು ಬೆನ್ನು, ಕೆಂಗಂದು ಬಣ್ಣದ ಹೊಟ್ಟೆ ಮತ್ತು ಬಾಲ, ಕಿತ್ತಳೆ ಬಣ್ಣದ ಕಾಲು; ಹಣೆಯ ಮೇಲೆ ಎರಡಾಗಿ ಸೀಳಿ ನಿಂತ ಬಿಳಿ ಗರಿಗಳು, ಗಲ್ಲದ ಕೆಳಗೆ ಬಿಳಿ ಗಡ್ಡ. ಗಂಡು ಹೆಣ್ಣುಗಳೆರಡೂ ಒಂದೇ ರೂಪ. ಗಯಾನಾ, ಸುರಿನಾಮ್, ವೆನೆಜುವೆಲಾಗಳಿಂದ ಉತ್ತರ ಬ್ರೆಜಿಲ್‌ವರೆಗೆ, ಪಶ್ಚಿಮದಲ್ಲಿ ಕೊಲಂಬಿಯಾ, ಈಕ್ವೆಡಾರ್, ಪೆರುಗಳವರೆಗೆ ಇದರ ನೆಲೆ ಹರಡಿದೆ. ಲಿನ್ನಿಯಸ್ 1766ರಲ್ಲೇ ಇದಕ್ಕೆ ಹೆಸರಿಟ್ಟಿದ್ದ. ಥಾಮ್ನೊಫಿಲಿಡೇ ಎಂಬ ಇದರ ಕುಟುಂಬದಲ್ಲಿ 230ಕ್ಕೂ ಹೆಚ್ಚು ಪ್ರಭೇದಗಳಿದ್ದು, ಎಲ್ಲವೂ ಅಮೆರಿಕ ಖಂಡಗಳ ಉಷ್ಣವಲಯಕ್ಕೆ ಸೇರಿದವು. ಭಾರತದಲ್ಲಿ ಈ ಕುಟುಂಬದ ಒಂದು ಹಕ್ಕಿಯೂ ಇಲ್ಲ.

ಇರುವೆಹಕ್ಕಿ ಎಂಬ ಹೆಸರು ಕೇಳಿ ಇವು ಇರುವೆ ತಿನ್ನುತ್ತವೆ ಎಂದುಕೊಳ್ಳುವುದು ಸಹಜ. ವಾಸ್ತವದಲ್ಲಿ ಇವುಗಳ ಕಣ್ಣು ಇರುವೆಗಳ ಮೇಲಿರುವುದಿಲ್ಲ, ಇರುವೆಗಳಿಗೆ ಹೆದರಿ ಓಡುವವುಗಳ ಮೇಲಿರುತ್ತದೆ. ಆರ್ಮಿ ಆಂಟ್ ಎಂದು ಕರೆಯಲಾಗುವ ದಂಡಿನ ಇರುವೆಗಳಲ್ಲಿ ಎಸಿಟಾನ್ ಬರ್ಚೆಲಿ ಎಂಬ ಪ್ರಭೇದವು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಹತ್ತಾರು ಅಡಿ ಅಗಲದ ಸಾಲಾಗಿ ಕಾಡಿನ ನೆಲದ ಮೇಲೆ ಹರಿಯುತ್ತ ಸಾಗುತ್ತದೆ. ತರಗೆಲೆಗಳ ಅಡಿಯಲ್ಲಿ ಅಡಗಿದ್ದ ಜಿರಲೆ, ಚಿಮ್ಮಂಡೆ, ಜೇಡ, ಚೇಳು, ಸಣ್ಣ ಹಲ್ಲಿಗಳೆಲ್ಲ ಜೀವ ಉಳಿಸಿಕೊಳ್ಳಲು ಹೊರಗೆ ಹಾರುತ್ತವೆ. ಸಾಲಿನ ಮುಂಭಾಗದಲ್ಲಿ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿ, ನೆಟ್ಟಗೆ ನಿಂತ ತೆಳುವಾದ ಕಾಂಡಗಳಿಗೆ ಕಚ್ಚಿಕೊಂಡು ಕಾಯುವ ಹಕ್ಕಿಗಳು ಅವನ್ನು ಹಿಡಿದು ನುಂಗುತ್ತವೆ. ಇದನ್ನು ಪರಸ್ಪರ ಸಹಕಾರವೆಂದು ಬಹಳ ಕಾಲ ಬಣ್ಣಿಸಲಾಗುತ್ತಿತ್ತು. ಹಕ್ಕಿಗಳನ್ನು ದೂರವಿಟ್ಟು ಪ್ರಯೋಗ ಮಾಡಿ ನೋಡಿದಾಗ ಇರುವೆಗಳಿಗೆ ಸಿಗುವ ಬೇಟೆ ಹೆಚ್ಚಾಗುವುದು ಕಂಡುಬಂದಿದೆ. ಅಂದರೆ ಹಕ್ಕಿಗಳು ಇರುವೆಗಳ ಪಾಲನ್ನೇ ಕಸಿಯುತ್ತಿವೆ.

ಅವಕಾಶ ಸಿಕ್ಕಾಗ ಇರುವೆ ದಂಡಿನ ಹಿಂದೆ ಹೋಗುವ ಹಕ್ಕಿಗಳು ನೂರಾರು ಇವೆ. ಆದರೆ ಇದನ್ನೇ ಬದುಕಿನ ಆಧಾರವಾಗಿಸಿಕೊಂಡ ಇರುವೆಹಕ್ಕಿಗಳ ಸಂಖ್ಯೆ ಇಪ್ಪತ್ತನ್ನು ಮುಟ್ಟುವುದಿಲ್ಲ, ಬಿಳಿತುರಾಯಿ ಅವುಗಳಲ್ಲಿ ಒಂದು. ಇರುವೆ ದಂಡು ಇಲ್ಲದೆ ಇದು ಹೊಟ್ಟೆ ತುಂಬಿಸಿಕೊಳ್ಳುವುದು ಅಪರೂಪ. ಸ್ವಂತ ಗಡಿಯನ್ನು ಕಾಯ್ದುಕೊಳ್ಳುವ ಪದ್ಧತಿಯೂ ಇದಕ್ಕಿಲ್ಲ. ದಂಡಿನ ಬಳಿ ಸೇರಿದ ದೊಡ್ಡ ಹಕ್ಕಿಗಳು ಒಳ್ಳೆಯ ಜಾಗಗಳನ್ನು ಹಿಡಿದುಕೊಂಡಾಗ, ಅವುಗಳ ನಡುವೆ ನುಸುಳಿ ಒಂದೊಂದೇ ಹುಳು ಎತ್ತಿಕೊಂಡು ಓಡುವುದು ಇದರ ಕ್ರಮ.

ಇಲ್ಲಿಂದ ವಿಸ್ತೀರ್ಣದ ಪ್ರಶ್ನೆ ಶುರುವಾಗುತ್ತದೆ. ಎಸಿಟಾನ್ ಬರ್ಚೆಲಿಯ ಬದುಕು ಸುಮಾರು 35 ದಿನಗಳ ಆವರ್ತದಲ್ಲಿ ನಡೆಯುತ್ತದೆ. ಮರಿಹುಳುಗಳು ಬೆಳೆಯುತ್ತಿರುವ ಹದಿನೈದು ದಿನಗಳ ಕಾಲ ಪ್ರತಿದಿನ ದೊಡ್ಡ ಬೇಟೆ ನಡೆಯುತ್ತದೆ, ರಾತ್ರಿ ಇಡೀ ಗುಂಪು ಬೀಡು ಬದಲಿಸುತ್ತದೆ. ಮರಿಹುಳುಗಳು ಗೂಡು ಸುತ್ತಿಕೊಂಡ ಮೇಲೆ ಸುಮಾರು ಇಪ್ಪತ್ತು ದಿನ ಗುಂಪು ಒಂದೇ ಪೊಟರೆಯಲ್ಲಿ ಉಳಿಯುತ್ತದೆ. ಆಗ ಬೇಟೆ ಕಡಿಮೆ, ಕೆಲವು ದಿನ ಇಲ್ಲವೇ ಇಲ್ಲ. ಹಕ್ಕಿಗೆ ಮಾತ್ರ ಪ್ರತಿದಿನವೂ ಹಸಿವು. ಆದ್ದರಿಂದ ಒಂದೇ ಇರುವೆ ಗುಂಪನ್ನು ನಂಬಿದ ಹಕ್ಕಿ ತಿಂಗಳಿನ ಅರ್ಧಕ್ಕಿಂತ ಹೆಚ್ಚು ಕಾಲ ಅರೆಹೊಟ್ಟೆಯಲ್ಲಿ ಇಲ್ಲವೇ ಉಪವಾಸವಿರಬೇಕಾಗುತ್ತದೆ. ಅದಕ್ಕೆ ಏಕಕಾಲದಲ್ಲಿ ಹಲವು ಗುಂಪುಗಳ ಪರಿಚಯ ಬೇಕು, ಮತ್ತು ಅವುಗಳಲ್ಲಿ ಯಾವುದು ಇಂದು ಹೊರಟಿದೆ ಎಂಬ ತಿಳಿವಳಿಕೆಯೂ ಬೇಕು. ದಂಡಿನ ಹಿಂದೆಯೇ ಬದುಕುವ ಹಕ್ಕಿಗಳು ಇರುವೆಗಳ ಬೀಡುಗಳಿಗೆ ಹೋಗಿ ಇಣುಕಿ ನೋಡಿ ಬರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಕಂಡರೆ ತಿನ್ನುವ, ಇಲ್ಲದಿದ್ದರೆ ಬೇರೆ ದಾರಿ ಹುಡುಕುವ ಹಕ್ಕಿಗಳಲ್ಲಿ ಈ ಅಭ್ಯಾಸ ಕಾಣುವುದು ಕಡಿಮೆ.

ಪನಾಮದ ಬಾರೊ ಕೊಲರಾಡೊ ದ್ವೀಪದಲ್ಲಿ ನಡೆದ ಅಧ್ಯಯನದಲ್ಲಿ ಸುಮಾರು 1,500 ಹೆಕ್ಟೇರ್ ಕಾಡಿಗೆ ಐವತ್ತರಷ್ಟು ಎಸಿಟಾನ್ ಗುಂಪುಗಳು ಇದ್ದವೆಂದು ಅಂದಾಜಾಗಿತ್ತು, ಎಂದರೆ ಮೂವತ್ತು ಹೆಕ್ಟೇರಿಗೆ ಒಂದು ಗುಂಪು. ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ. ಈ ದರವನ್ನೇ ಹಿಡಿದು ಲೆಕ್ಕ ಹಾಕಿದರೆ 10 ಹೆಕ್ಟೇರಿನ ಕಾಡಿನ ತುಣುಕಿನಲ್ಲಿ ಒಂದು ಇರುವೆ ಗುಂಪಿಗೂ ಸಾಕಷ್ಟು ಜಾಗವಿಲ್ಲ; ಹಲವು ಗುಂಪುಗಳನ್ನು ಬೇಡುವ ಹಕ್ಕಿಗೆ ನೂರಾರು ಹೆಕ್ಟೇರ್ ಅಖಂಡ ಕಾಡು ಬೇಕು. ಹೀಗಾಗಿ 10 ಹೆಕ್ಟೇರಿನ ನೂರು ತುಣುಕುಗಳೂ 1,000 ಹೆಕ್ಟೇರಿನ ಒಂದು ಕಾಡೂ ನಕ್ಷೆಯ ಮೇಲೆ ಸಮ, ಈ ಹಕ್ಕಿಯ ಪಾಲಿಗೆ ಮೊದಲನೆಯದು ಶೂನ್ಯ.

ಇದು ಕಾಗದದ ಮೇಲಿನ ತರ್ಕವಾಗಿ ಉಳಿದಿಲ್ಲ. ಬ್ರೆಜಿಲ್‌ನ ಅಮೆಜಾನ್ ನಡುವಿನ ಮನಾವುಸ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ 1979ರಲ್ಲಿ ಆರಂಭವಾದ, ಇಂದಿಗೂ ನಡೆಯುತ್ತಿರುವ ಕಾಡಿನ ತುಣುಕುಗಳ ಪ್ರಯೋಗವು ಇದನ್ನು ನೆಲದ ಮೇಲೆಯೇ ಪರೀಕ್ಷಿಸಿತು. ಅಮೆರಿಕದ ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ ಅವರು ಬ್ರೆಜಿಲ್‌ನ ಅಮೆಜಾನ್ ಸಂಶೋಧನಾ ಸಂಸ್ಥೆಯೊಡನೆ ಸೇರಿ ರೂಪಿಸಿದ ಈ ಯೋಜನೆಯ ಹಿಂದೆ ಒಂದು ಕಾನೂನಿನ ಅವಕಾಶವಿತ್ತು: ಅಂದಿನ ನಿಯಮದಂತೆ ಅಮೆಜಾನಿನಲ್ಲಿ ಜಮೀನು ಪಡೆದವರು ಅರ್ಧದಷ್ಟು ಕಾಡನ್ನು ಉಳಿಸಬೇಕಿತ್ತು. ಹೇಗೂ ಉಳಿಸಬೇಕಾದ ಕಾಡನ್ನು 1, 10 ಮತ್ತು 100 ಹೆಕ್ಟೇರಿನ ಚೌಕಗಳಾಗಿ ಉಳಿಸಿಕೊಡಿ ಎಂದು ದನಗಳ ರಾಂಚ್‌ಗಳ ಮಾಲೀಕರನ್ನು ಒಪ್ಪಿಸಿ, ಸುತ್ತಲಿನ ಮರ ಬೀಳುವ ಮೊದಲು ಮತ್ತು ಬಿದ್ದ ನಂತರ ಅಲ್ಲಿನ ಜೀವಿಗಳನ್ನು ಎಣಿಸಲಾಯಿತು. ಮೊದಲು ಎಣಿಸಿ ನಂತರ ಎಣಿಸುವ ಇಂಥ ಅವಕಾಶ ಸಂರಕ್ಷಣಾ ವಿಜ್ಞಾನಕ್ಕೆ ಸಿಗುವುದು ತೀರ ಕಡಿಮೆ. ಸಾಮಾನ್ಯವಾಗಿ ವಿಜ್ಞಾನಿಗಳು ತಲುಪುವ ಹೊತ್ತಿಗೆ ಕಾಡು ಹೋಗಿರುತ್ತದೆ.

ಕಾಡು ಅಖಂಡವಾಗಿದ್ದಾಗ, ಹಕ್ಕಿಗಳನ್ನು ಎಣಿಸಲು ಅಲ್ಲಿ ಕಟ್ಟಿದ್ದ ಬಲೆಗಳಿಗೆ ಅತಿ ಹೆಚ್ಚು ಬೀಳುತ್ತಿದ್ದ ಹಕ್ಕಿಗಳಲ್ಲಿ ಬಿಳಿತುರಾಯಿಯೂ ಒಂದಾಗಿತ್ತು. 1 ಮತ್ತು 10 ಹೆಕ್ಟೇರಿನ ತುಣುಕುಗಳನ್ನು ಸುತ್ತಲಿನ ಕಾಡಿನಿಂದ ಬೇರ್ಪಡಿಸಿದ ಮೇಲೆ ಮೊಟ್ಟಮೊದಲು ಕಾಣೆಯಾದ ಹಕ್ಕಿಗಳಲ್ಲಿ ಅದೂ ಅದರ ಜೊತೆಗಾರ ಹಕ್ಕಿಗಳೂ ಸೇರಿದ್ದವು. ಅಪರೂಪದ ಜೀವಿ ಮೊದಲು ಅಳಿಯುತ್ತದೆ, ಹೇರಳವಾಗಿರುವುದು ಉಳಿಯುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ಇದು ನೇರ ಏಟು. ಒಂದು ಜೀವಿ ಎಷ್ಟಿದೆ ಎಂಬುದಕ್ಕಿಂತ ಯಾವುದನ್ನು ನೆಚ್ಚಿಕೊಂಡಿದೆ ಎಂಬುದೇ ಅದರ ಅಳಿವು ಉಳಿವನ್ನು ನಿರ್ಧರಿಸಿತು. ಇಡೀ ಹಕ್ಕಿ ಸಮುದಾಯವನ್ನು ಗಮನಿಸಿದಾಗಲೂ ಚಿತ್ರ ಸಮಾಧಾನಕರವಾಗಿರಲಿಲ್ಲ. ಇದೇ ಯೋಜನೆಯ ಹದಿಮೂರು ವರ್ಷಗಳ ಮಾಹಿತಿಯನ್ನು ಆಧರಿಸಿ 2003ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 100 ಹೆಕ್ಟೇರಿನ ತುಣುಕು ಕೂಡ ಹದಿನೈದು ವರ್ಷದೊಳಗೆ ತನ್ನ ತಳಕಾಡಿನ, ಎಂದರೆ ದೊಡ್ಡ ಮರಗಳ ನೆರಳಿನಲ್ಲಿ ನೆಲಕ್ಕೆ ಹತ್ತಿರ ಬದುಕುವ, ಹಕ್ಕಿ ಪ್ರಭೇದಗಳಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಈ ನಷ್ಟದ ವೇಗವನ್ನು ಹತ್ತು ಪಟ್ಟು ತಗ್ಗಿಸಬೇಕಾದರೆ ತುಣುಕಿನ ವಿಸ್ತೀರ್ಣವನ್ನು ಸಾವಿರ ಪಟ್ಟು ಹೆಚ್ಚಿಸಬೇಕು. ಹೆಕ್ಟೇರಿಗೆ ಇಷ್ಟು ಎಂದು ಸಮನಾಗಿ ಬೆಲೆ ಕಟ್ಟುವ ಯಾವುದೇ ಯೋಜನೆ ಈ ಒಂದು ವಾಕ್ಯದ ಎದುರು ತಡವರಿಸಬೇಕಾಗುತ್ತದೆ.

ತುಣುಕಿನಿಂದ ತುಣುಕಿಗೆ ಹಾರಿ ಹೋಗಬಾರದೇಕೆ ಎಂದು ಕೇಳಬಹುದು. ರೆಕ್ಕೆ ಇದೆ, ದೂರ ನೂರು ಮೀಟರ್ ಮಾತ್ರ. ಆದರೆ ಸಾವಿರಾರು ತಲೆಮಾರು ಮಬ್ಬುಗತ್ತಲಲ್ಲಿ ಬದುಕಿದ ತಳಕಾಡಿನ ಹಕ್ಕಿಗಳಲ್ಲಿ ಅನೇಕವು ಬಿಸಿಲಿನ ಬಯಲನ್ನು ದಾಟುವುದಿಲ್ಲ. ಮನಾವುಸ್ ಬಳಿಯ ಅಧ್ಯಯನಗಳಲ್ಲಿ ಕಾಡಿನ ನಡುವಿನ ರಸ್ತೆಯೇ ಅನೇಕ ಹಕ್ಕಿಗಳ ಓಡಾಟವನ್ನು ತಡೆದದ್ದು ಕಂಡಿದೆ. ಇರುವೆಗಳ ತೊಡಕು ಇನ್ನೂ ದೊಡ್ಡದು. ದಂಡಿನ ಇರುವೆಗಳ ರಾಣಿಗೆ ರೆಕ್ಕೆಯೇ ಇಲ್ಲ. ಹೊಸ ಗುಂಪು ಹುಟ್ಟುವುದು ಹಳೆಯ ಗುಂಪು ಎರಡಾಗಿ ಒಡೆದು ನೆಲದ ಮೇಲೆ ನಡೆದು ಹೋಗುವುದರಿಂದ. ಕಾದ ಹುಲ್ಲುಗಾವಲನ್ನು ಅವು ದಾಟಲಾರವು. ಹಾಗಾಗಿ ಒಂದು ತುಣುಕಿನಲ್ಲಿ ಇರುವೆ ಗುಂಪು ಸತ್ತರೆ ಹೊರಗಿನಿಂದ ಹೊಸದು ಬಂದು ಸೇರುವ ದಾರಿ ಮುಚ್ಚಿಹೋಗುತ್ತದೆ.

ಹಾಗಾದರೆ ಇರುವೆಗಳನ್ನು ಉಳಿಸಿಕೊಂಡರೆ ಹಕ್ಕಿ ಉಳಿಯುತ್ತದೆಯೇ? ಬಾರೊ ಕೊಲರಾಡೊ ಇದಕ್ಕೂ ಒಂದು ಕಹಿ ಉತ್ತರ ಕೊಟ್ಟಿದೆ. ಪನಾಮ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿ ಗಾಟುನ್ ಸರೋವರ ತುಂಬಿದಾಗ, 1914ರ ವೇಳೆಗೆ ಒಂದು ಗುಡ್ಡವು ದ್ವೀಪವಾಯಿತು. ಅಲ್ಲಿನ ಕಾಡಿಗೆ ರಕ್ಷಣೆ ಸಿಕ್ಕಿತು, ಇರುವೆ ಗುಂಪುಗಳೂ ಉಳಿದವು. ಆದರೂ ಅಲ್ಲಿ ದಂಡಿನ ಹಿಂದೆ ಬದುಕುತ್ತಿದ್ದ ಹಕ್ಕಿಗಳಲ್ಲಿ ದೊಡ್ಡದಾದ, ಬೆನ್ನ ಮೇಲೆ ಕಣ್ಣಿನಂಥ ಚುಕ್ಕೆಗಳಿರುವ ಇರುವೆಹಕ್ಕಿ ಪ್ರಭೇದವೊಂದು 1970ರ ಆಸುಪಾಸಿನಲ್ಲಿ ಪೂರ್ತಿ ಅಳಿಯಿತು. 1960ರ ದಶಕದಲ್ಲಿ ಆ ಹಕ್ಕಿಗಳನ್ನು ಬೆನ್ನುಹತ್ತಿ ಅಧ್ಯಯನ ಮಾಡಿದ ಎಡ್ವಿನ್ ವಿಲ್ಲಿಸ್ ಅವರ ಕಣ್ಣೆದುರಿಗೇ ಅದರ ಸಂಖ್ಯೆ ಕರಗುತ್ತ ಹೋಯಿತು. ಸಣ್ಣ ಸಂಖ್ಯೆ, ಗೂಡುಗಳನ್ನು ಕೊಳ್ಳೆ ಹೊಡೆಯುವ ಪ್ರಾಣಿಗಳು, ನೀರು ದಾಟಿ ಹೊಸ ಹಕ್ಕಿ ಬರಲಾಗದ ಪರಿಸ್ಥಿತಿ, ಇವೆಲ್ಲ ಸೇರಿದಾಗ ಆಹಾರವೊಂದೇ ಅದನ್ನು ಉಳಿಸಲಾರದಾಯಿತು. ಅದು ಬಿಟ್ಟುಹೋದ ಜಾಗವನ್ನು ಅಲ್ಲಿಯೇ ಇದ್ದ ಇನ್ನೊಂದು ಸಣ್ಣ ಇರುವೆಹಕ್ಕಿ ತನ್ನ ಸಂಖ್ಯೆಯನ್ನು ಹೆಚ್ಚಿಸಿಕೊಂಡು ಸ್ವಲ್ಪ ಮಟ್ಟಿಗೆ ತುಂಬಿತು, ಆದರೆ ಅದಕ್ಕೆ ದಶಕಗಳೇ ಹಿಡಿದವು. ಪ್ರಕೃತಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ ಎನ್ನುವವರು ಈ ಕಾಲಾವಧಿಯನ್ನು ಗಮನಿಸಬೇಕು.

ನಷ್ಟ ಒಂದು ಹಕ್ಕಿಯದ್ದು ಮಾತ್ರವೂ ಅಲ್ಲ. ಎಸಿಟಾನ್ ಬರ್ಚೆಲಿಯನ್ನು ಒಂದಲ್ಲ ಒಂದು ರೀತಿಯಲ್ಲಿ ಆಶ್ರಯಿಸಿದ 300ಕ್ಕೂ ಹೆಚ್ಚು ಪ್ರಾಣಿ ಪ್ರಭೇದಗಳನ್ನು 2011ರಲ್ಲಿ ಪ್ರಕಟವಾದ ಪಟ್ಟಿಯೊಂದು ಲೆಕ್ಕಕ್ಕೆ ತಂದಿದೆ: ಹುಳಗಳು, ಜೀರುಂಡೆಗಳು, ನೊಣಗಳು, ಹಕ್ಕಿಗಳು. ಇರುವೆಹಕ್ಕಿಗಳ ಹಿಕ್ಕೆಯ ಸಾರ ಹೀರಲು ದಂಡಿನ ಹಿಂದೆ ಹಾರುವ ಚಿಟ್ಟೆಗಳೂ ಅದರಲ್ಲಿ ಸೇರಿವೆ. ಹಕ್ಕಿ ಹೋದರೆ ಚಿಟ್ಟೆಯ ಊಟವೂ ಹೋಗುತ್ತದೆ. ಇಂಥ ಯಾವ ಕೊಂಡಿಯೂ ಉಪಗ್ರಹದ ಚಿತ್ರದಲ್ಲಿ ಬಣ್ಣ ಬದಲಿಸುವುದಿಲ್ಲ.

ಈ ಹಿನ್ನೆಲೆಯಲ್ಲಿ ಇಂದಿನ ಅಂಕಿಗಳಿಗೆ ಮರಳಿದರೆ, ವರ್ಷವರ್ಷದ ಆ ಲೆಕ್ಕ ಮುಖ್ಯವಾಗಿ ಕಾಡು ಪೂರ್ತಿ ಬೋಳಾದ ಜಾಗವನ್ನು ಹೇಳುತ್ತದೆ ಎಂಬುದು ಗಮನಕ್ಕೆ ಬರುತ್ತದೆ. ಬೆಂಕಿ, ಆಯ್ದ ಮರಗಳ ಕಡಿತ, ಅಂಚಿನ ಒಣಗುವಿಕೆ, ತೀವ್ರ ಬರ, ಇವುಗಳಿಂದ ನಿಂತಲ್ಲೇ ಬಡವಾದ ಕಾಡು ಉಳಿದಿರುವ ಅಮೆಜಾನಿನ ಸುಮಾರು 38 ಪ್ರತಿಶತದಷ್ಟಿದೆ ಎಂದು 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪರಾಮರ್ಶೆ ಅಂದಾಜಿಸಿದೆ. ಬೆಲೆಂನಲ್ಲಿ ಚಾಲನೆ ಪಡೆದ ನಿಧಿಯು ಕಡಿದ ಕಾಡಿಗೂ ಬೆಂಕಿಗೆ ಸಿಕ್ಕ ಕಾಡಿಗೂ ಪಾವತಿಯಲ್ಲಿ ಕಡಿತ ಮಾಡುತ್ತದೆ. ಅಷ್ಟರ ಮಟ್ಟಿಗೆ ಅದು ಹಿಂದಿನ ಯೋಜನೆಗಳಿಗಿಂತ ಮೇಲು. ಆದರೆ ಉಳಿದ ಕಾಡು ಒಟ್ಟಾಗಿದೆಯೇ ಚೂರುಚೂರಾಗಿದೆಯೇ ಎಂಬುದಕ್ಕೆ ತಕ್ಕಂತೆ ಬೆಲೆ ಬದಲಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಬ್ರೆಜಿಲ್‌ನ 2012ರ ಅರಣ್ಯ ಸಂಹಿತೆಯ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಅಮೆಜಾನಿನ ಕಾಡು ಪ್ರದೇಶದ ಖಾಸಗಿ ಜಮೀನಿನಲ್ಲಿ 80 ಪ್ರತಿಶತ ಕಾಡು ಉಳಿಸಬೇಕೆಂಬ ಅದರ ಸಾಮಾನ್ಯ ನಿಯಮ ಜಗತ್ತಿನ ಅತ್ಯಂತ ಕಟ್ಟುನಿಟ್ಟಿನ ನಿಯಮಗಳಲ್ಲಿ ಒಂದು. ಆ ಪಾಲು ಎಲ್ಲಿರಬೇಕೆಂದು ನಿರ್ಧರಿಸುವಾಗ ನೆರೆಯ ಕಾಡಿನೊಡನೆ ಜೋಡಣೆಯನ್ನು ಗಮನಿಸಬೇಕೆಂದೂ ಅದು ಹೇಳುತ್ತದೆ. ಸಮಸ್ಯೆ ಇರುವುದು ಜಾರಿಯಲ್ಲಿ. ಪ್ರಮಾಣವನ್ನು ತಪಾಸಣೆ ಮಾಡುವುದು ಸುಲಭ, ಜೋಡಣೆಯನ್ನು ತಪಾಸಣೆ ಮಾಡುವುದು ಕಷ್ಟ.

ರಸ್ತೆಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ತುರ್ತಾಗುತ್ತದೆ. ಮನಾವುಸ್‌ನಿಂದ ಪೋರ್ಟೊ ವೆಲ್ಯೊಗೆ ಹೋಗುವ, 900 ಕಿಲೋಮೀಟರ್‌ಗೆ ತುಸು ಕಡಿಮೆ ಉದ್ದದ ಬಿಆರ್-319 ಹೆದ್ದಾರಿ 1970ರ ದಶಕದಲ್ಲಿ ಉದ್ಘಾಟನೆಯಾಗಿ, 1980ರ ದಶಕದ ಕೊನೆಗೆ ಹಾಳುಬಿದ್ದಿತ್ತು. ಅದರ ಮಧ್ಯಭಾಗಕ್ಕೆ ಮತ್ತೆ ಡಾಂಬರು ಹಾಕುವ ಯೋಜನೆಗೆ 2022ರ ಜುಲೈನಲ್ಲಿ ಪ್ರಾಥಮಿಕ ಪರಿಸರ ಪರವಾನಗಿ ಸಿಕ್ಕಿತು, ನಂತರ ವಿಷಯ ನ್ಯಾಯಾಲಯ ಹತ್ತಿತು. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಲೂಲಾ 63 ಅಂಶಗಳನ್ನು ತಡೆಹಿಡಿದು ಸಹಿ ಹಾಕಿದ ಹೊಸ ಪರವಾನಗಿ ಕಾನೂನು, ಮತ್ತು ಆ ತಡೆಗಳಲ್ಲಿ ಬಹುಪಾಲನ್ನು ನವೆಂಬರ್‌ನಲ್ಲಿ ತಳ್ಳಿಹಾಕಿದ ಸಂಸತ್ತಿನ ನಿರ್ಧಾರ, ಇಂಥ ಯೋಜನೆಗಳ ದಾರಿಯನ್ನು ಸಲೀಸು ಮಾಡುತ್ತವೆ ಎಂಬ ಆತಂಕ ಪರಿಸರವಾದಿಗಳಲ್ಲಿದೆ. ರಸ್ತೆಯನ್ನು ಬೇಡುವವರ ಮಾತಿನಲ್ಲೂ ಹುರುಳಿದೆ. 2024ರ ಅಕ್ಟೋಬರ್‌ನಲ್ಲಿ ಮನಾವುಸ್ ಬಂದರಿನಲ್ಲಿ ರಿಯೊ ನೀಗ್ರೊ ನದಿಯ ಮಟ್ಟ 1902ರಿಂದ ನಡೆದುಬಂದ ದಾಖಲೆಯಲ್ಲೇ ಅತ್ಯಂತ ಕೆಳಗೆ ಇಳಿದು ದೋಣಿ ಸಂಚಾರಕ್ಕೆ ಕುತ್ತು ಬಂದಾಗ, ದೇಶದ ಉಳಿದ ಭಾಗಕ್ಕೆ ಸರಿಯಾದ ರಸ್ತೆಯಿಲ್ಲದ ಇಪ್ಪತ್ತು ಲಕ್ಷ ಜನರ ನಗರವೊಂದು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ.

ಆದರೆ ಅಮೆಜಾನಿನಲ್ಲಿ ಹೆದ್ದಾರಿ ಒಂಟಿಯಾಗಿ ಬರುವುದಿಲ್ಲ. ಪಕ್ಕದ ರೊಂಡೋನಿಯಾ ರಾಜ್ಯದಲ್ಲಿ ಬಿಆರ್-364ರ ಇಕ್ಕೆಲಗಳಲ್ಲಿ ಅಡ್ಡರಸ್ತೆಗಳು ಚಾಚಿಕೊಂಡು, ಮೇಲಿನಿಂದ ನೋಡಿದರೆ ಮೀನಿನ ಮುಳ್ಳಿನ ಆಕಾರದಲ್ಲಿ ಕಾಡು ಸೀಳಿಹೋದದ್ದನ್ನು ಎಲ್ಲರೂ ನೋಡಿದ್ದಾರೆ. ಮುಳ್ಳುಗಳ ನಡುವೆ ಉಳಿಯುವ ಪಟ್ಟಿಗಳು ನಕ್ಷೆಯಲ್ಲಿ ಕಾಡೇ. ದಂಡಿನ ಹಿಂದೆ ಬದುಕುವ ಹಕ್ಕಿಗೆ ಅವು ಕಾಡಾಗಿ ಉಳಿಯುವುದಿಲ್ಲ.

ಬಿಆರ್-319ರ ಸುತ್ತಮುತ್ತ ಬಿಳಿತುರಾಯಿಯ ಕಸುಬನ್ನು ಮಾಡುವುದು ಬೇರೆ ಇರುವೆಹಕ್ಕಿಗಳು. ರೆಗ್ಮಟೊರೈನಾ ಎಂಬ ಕುಲದ ಐದು ಪ್ರಭೇದಗಳು ಅಮೆಜಾನಿನ ಬೇರೆಬೇರೆ ನದಿಗಳ ನಡುವಿನ ನೆಲಗಳನ್ನು ಹಂಚಿಕೊಂಡಂತೆ ಬದುಕುತ್ತವೆ: ಮಡೇರಾ ನದಿಯ ಪಶ್ಚಿಮಕ್ಕೆ ಒಂದು, ಪೂರ್ವಕ್ಕೆ ಇನ್ನೊಂದು, ತಪಜೋಸ್ ಮತ್ತು ಶಿಂಗು ನದಿಗಳ ನಡುವೆ ಮತ್ತೊಂದು. ನದಿಯ ಈ ದಡದ ಜೀವಿ ಆ ದಡದಲ್ಲಿಲ್ಲ ಎಂಬುದನ್ನು ಕೋತಿಗಳ ವಿಷಯದಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ 1852ರಲ್ಲೇ ಗುರುತಿಸಿದ್ದ. ನೀತಿ ರೂಪಿಸುವವರು ಇದರಿಂದ ತಿಳಿಯಬೇಕಾದದ್ದು, ಅಮೆಜಾನ್ ಒಂದೇ ಕಾಡಲ್ಲ ಎಂಬುದು. ತಪಜೋಸ್ ಮತ್ತು ಶಿಂಗುಗಳ ನಡುವೆ ಬಿಆರ್-163 ಹೆದ್ದಾರಿಯ ಬದಿಯಲ್ಲಿ ಕಳೆದುಹೋದ ಕಾಡಿಗೆ ಬದಲಾಗಿ ಕೊಲಂಬಿಯಾ ಗಡಿಯಲ್ಲಿ ಅಷ್ಟೇ ಹೆಕ್ಟೇರ್ ರಕ್ಷಿಸಿದರೆ ಒಟ್ಟು ಮೊತ್ತ ಸರಿಹೋಗುತ್ತದೆ, ಆ ನೆಲದ ಇರುವೆಹಕ್ಕಿಗೆ ಹೋಗಲು ಬೇರೆ ಊರಿಲ್ಲ. ಈ ಕುಟುಂಬದ ಬಗ್ಗೆ ನಮ್ಮ ತಿಳಿವಳಿಕೆ ಎಷ್ಟು ತೆಳುವಾಗಿದೆ ಎಂಬುದಕ್ಕೆ ಬಿಳಿತುರಾಯಿಯ ಅದೇ ಕುಲದ ಒಬ್ಬನೇ ದಾಯಾದಿ ಸಾಕ್ಷಿ: 1937ರಲ್ಲಿ ಪೆರುವಿನಲ್ಲಿ ಒಂದೇ ಒಂದು ಹಕ್ಕಿ ಸಿಕ್ಕಿದ್ದ ಆ ಪ್ರಭೇದ ಮತ್ತೆ ಕಣ್ಣಿಗೆ ಬಿದ್ದದ್ದು 2001ರಲ್ಲಿ.

ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಬಿಳಿತುರಾಯಿ ಇರುವೆಹಕ್ಕಿ ಆತಂಕವಿಲ್ಲದ ವರ್ಗದಲ್ಲಿದೆ. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಆ ಪಟ್ಟಿ ಇಡೀ ಪ್ರಭೇದ ಜಗತ್ತಿನಿಂದ ಅಳಿಯುವ ಸಂಭವವನ್ನು ಅಳೆಯುತ್ತದೆ, ಮತ್ತು ಗಯಾನಾದಿಂದ ಪೆರುವಿನವರೆಗೆ ಹರಡಿದ ಹಕ್ಕಿ ಸದ್ಯಕ್ಕೆ ಅಳಿಯುವುದಿಲ್ಲ. ಆದರೆ ಪರವಾನಗಿ ಕೊಡುವ ಅಧಿಕಾರಿಯ ಮುಂದೆ ಬರುವ ಕಡತದಲ್ಲಿ ಇಂಥ ಹಕ್ಕಿ ಚರ್ಚೆಯ ವಿಷಯವೇ ಆಗುವುದಿಲ್ಲ ಎಂಬುದು ಇದರ ಪರಿಣಾಮ. ಕಾಡಿನ ಆರೋಗ್ಯ ಹೇಳಬಲ್ಲ ಹಕ್ಕಿ, ತಾನು ಅಪಾಯದಲ್ಲಿಲ್ಲದ ಕಾರಣಕ್ಕೇ ಲೆಕ್ಕದಿಂದ ಹೊರಗುಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಕಾಡನ್ನು ಚೂರಾಗಿಸದಿದ್ದರೆ ಎಲ್ಲವೂ ಸರಿ ಎಂದುಕೊಳ್ಳುವಂತಿಲ್ಲ. ಅದೇ ಮನಾವುಸ್ ಪ್ರದೇಶದ ಅಖಂಡ ಕಾಡಿನಲ್ಲೂ, 1980ರ ದಶಕದ ಮೊದಲ ವರ್ಷಗಳಿಗೆ ಹೋಲಿಸಿದರೆ, ನೆಲದ ಮೇಲೆ ಹುಳು ಹೆಕ್ಕುವ ಹಕ್ಕಿಗಳು ಗಣನೀಯವಾಗಿ ಕಡಿಮೆಯಾಗಿವೆ. ತರಗೆಲೆ ಮಗುಚಿ ಆಹಾರ ಹುಡುಕುವ, ದಂಡಿನ ಗೊಡವೆಗೆ ಹೋಗದ ಪಟ್ಟೆರೆಕ್ಕೆಯ ಇರುವೆಹಕ್ಕಿ ಅವುಗಳಲ್ಲೊಂದು. 2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅಲ್ಲಿ ಪರಿಶೀಲಿಸಿದ 77 ಪ್ರಭೇದಗಳಲ್ಲಿ ಎಲ್ಲವುಗಳ ಸರಾಸರಿ ತೂಕವೂ ನಾಲ್ಕು ದಶಕಗಳಲ್ಲಿ ಇಳಿದಿತ್ತು, ಮೂರರಲ್ಲೊಂದು ಪಾಲಿನ ಪ್ರಭೇದಗಳ ರೆಕ್ಕೆ ಉದ್ದವಾಗಿತ್ತು. ಬಿಸಿಯೂ ಒಣ ಕಾಲದ ತೀವ್ರತೆಯೂ ಹೆಚ್ಚುತ್ತಿರುವುದೇ ಇದಕ್ಕೆ ಕಾರಣವೆಂದು ಸಂಶೋಧಕರು ಭಾವಿಸುತ್ತಾರೆ. ಈ ಎರಡು ಬಗೆಯ ನಷ್ಟಗಳನ್ನು ಬೆರೆಸಿ ಮಾತಾಡುವುದು ಇತ್ತೀಚೆಗೆ ಹೆಚ್ಚಾಗಿದೆ, ಅದು ಸರಿಯಲ್ಲ. ದಂಡಿನ ಹಿಂದಿನ ಹಕ್ಕಿಗಳು ಸಣ್ಣ ತುಣುಕುಗಳಿಂದ ಕಾಣೆಯಾದದ್ದು ಕಾಡು ಕಡಿದವರ ಕೈಯಿಂದ, ಅದನ್ನು ಬ್ರೆಜಿಲ್ ತಾನೇ ತಡೆಯಬಲ್ಲದು. ಅಖಂಡ ಕಾಡಿನ ಹಕ್ಕಿಗಳು ಬಡವಾಗುತ್ತಿರುವುದಕ್ಕೆ ಕಾರಣವಾದ ಬಿಸಿ ಜಗತ್ತಿನೆಲ್ಲೆಡೆಯ ಹೊಗೆಕೊಳವೆಗಳಿಂದ ಬಂದದ್ದು.

ಕೈಯಲ್ಲಿರುವ ಭಾಗದ ಬಗ್ಗೆ ಮನಾವುಸ್‌ನ ತುಣುಕುಗಳು ಉಪಯುಕ್ತವಾದ ಇನ್ನೊಂದು ಸಂಗತಿಯನ್ನೂ ತೋರಿಸಿಕೊಟ್ಟಿವೆ. ರಾಂಚ್‌ಗಳಿಗೆ ಸರ್ಕಾರದ ಸಹಾಯಧನ ನಿಂತು, ಎಷ್ಟೋ ಕಡೆ ಹುಲ್ಲುಗಾವಲುಗಳನ್ನು ಕೈಬಿಟ್ಟಾಗ ತುಣುಕುಗಳ ಸುತ್ತ ಮರಿಕಾಡು ಎದ್ದಿತು. ಮರ ಕಡಿದರೂ ಬೆಂಕಿ ಹಚ್ಚದೆ ಬಿಟ್ಟ ಜಾಗದಲ್ಲಿ ಸೆಕ್ರೋಪಿಯಾ ಮರಗಳು ಬೇಗನೆ ಎತ್ತರಕ್ಕೆ ಬೆಳೆದು ನೆರಳು ಕೊಟ್ಟವು. ಸುಟ್ಟು ದನ ಮೇಯಿಸಿದ ಜಾಗದಲ್ಲಿ ವಿಸ್ಮಿಯಾ ಎಂಬ ಕುಳ್ಳಗಿನ ಗಿಡಗಳೇ ದಟ್ಟವಾಗಿ ಹಬ್ಬಿ ಉಳಿದವುಗಳಿಗೆ ಎಡೆ ಕೊಡಲಿಲ್ಲ. ದಂಡಿನ ಹಿಂದಿನ ಹಕ್ಕಿಗಳು ಸೆಕ್ರೋಪಿಯಾ ಸುತ್ತುವರಿದ ತುಣುಕುಗಳಿಗೆ ಕೆಲವೇ ವರ್ಷಗಳಲ್ಲಿ ಮರಳಿ ಬರತೊಡಗಿದವು. ಆ ತುಣುಕುಗಳೇನೂ ದೊಡ್ಡದಾಗಿರಲಿಲ್ಲ. ಅವುಗಳಿಂದ ದೊಡ್ಡ ಕಾಡಿಗೆ ನೆರಳಿನ ದಾರಿ ತೆರೆದಿತ್ತು. ಅಂದರೆ ತುಣುಕಿನ ಒಳಗಿನ ಮರಗಳಷ್ಟೇ ಅದರ ಹೊರಗಿನ ನೆಲದ ಚರಿತ್ರೆಯೂ, ಅಲ್ಲಿ ಬೆಂಕಿ ಬಿತ್ತೋ ಇಲ್ಲವೋ ಎಂಬುದೂ, ಹಕ್ಕಿಯ ಮರಳುವಿಕೆಯನ್ನು ನಿರ್ಧರಿಸಿತು. ಇಂದು ಅಮೆಜಾನಿನಲ್ಲಿ ಬಿಟ್ಟುಹೋದ ಜಮೀನಿನ ಮರಿಕಾಡು ಸಾಕಷ್ಟಿದೆ. ಮರುಕಾಡು ಬೆಳೆಸಲು ಸಿಗುವ ಹಣವನ್ನು ಎಲ್ಲೆಡೆ ಸಮನಾಗಿ ಹಂಚುವ ಬದಲು, ಒಂಟಿಯಾಗಿ ನಿಂತ ತುಣುಕನ್ನು ದೊಡ್ಡ ಕಾಡಿಗೆ ಸೇರಿಸುವ, ಇನ್ನೂ ಸುಡದ ಪಟ್ಟಿಗಳಿಗೆ ಮೊದಲು ಕೊಟ್ಟರೆ ಅಷ್ಟೇ ಹಣದಲ್ಲಿ ಇರುವೆ ದಂಡು ನಡೆದು ದಾಟಬಹುದಾದ ನೆಲ ಹೆಚ್ಚು ಸಿಗುತ್ತದೆ. ಇದಕ್ಕೆ ಹೊಸ ಉಪಗ್ರಹವೇನೂ ಬೇಕಿಲ್ಲ. ಯಾವ ಪಟ್ಟಿ ಯಾವಾಗ ಸುಟ್ಟಿತು, ಯಾವುದು ಯಾವುದಕ್ಕೆ ತಾಗಿದೆ ಎಂಬುದನ್ನು ಇರುವ ಚಿತ್ರಗಳಿಂದಲೇ ತೆಗೆಯಬಹುದು, ಪಾವತಿಯ ಸೂತ್ರದಲ್ಲಿ ಅದಕ್ಕೊಂದು ಸ್ಥಾನ ಕೊಡುವುದಷ್ಟೇ ಬಾಕಿ.